ಅರಿಶಿಣ ಸುಣ್ಣ ಒಣಗುವ ತನಕ

ಮೊನ್ನೆ ಮಾಳಿಗೆಯಿಂದ ಮೆಣಸಿನಕಾಯಿ ಇಳಿಸುವಾಗ ಕೊನೆಯ ಮೆಟ್ಟಿಲು ತಪ್ಪಿ ಕಾಲು ಉಳುಕಿತು. ಮುಂಡರಗಿಯ ಔಷಧಿ ಅಂಗಡಿಗಳಲ್ಲಿ ಮುಲಾಮಿಗೇನೂ ಬರವಿಲ್ಲ, ಆದರೂ ನನ್ನ ಅತ್ತೆ ಕೇಳಲಿಲ್ಲ. ಅರಿಶಿಣಕ್ಕೆ ಸುಣ್ಣ ಕಲಸಿ, ಕಬ್ಬಿಣದ ಸೌಟಿನಲ್ಲಿ ಕಾಸಿ, ಕೆಂಪಗಾದದ್ದನ್ನು ತಂದು ಕಾಲಿನ ಗಂಟಿಗೆ ಬಳಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗದಗಿನ ಪಕ್ಕದ ನನ್ನ ತವರು ಬೆಟಗೇರಿಯಲ್ಲಿದ್ದೆ. ನಮ್ಮ ಓಣಿಯ ಹಿಂದಿನ ಮೈದಾನದಲ್ಲಿ, ಬೇವಿನ ಮರದ ಕೆಳಗೆ, ಕಾಕುವಿನ ಇದ್ದಿಲ ಶೇಗಡಿಯ ಪಕ್ಕದಲ್ಲಿ...

ಕಾಕಾ, ಅವರ ಹೆಂಡತಿ ಕಾಕು ನಮಗೆ ರಕ್ತಸಂಬಂಧಿಗಳಲ್ಲ. ನನ್ನ ತವರುಮನೆಗೆ ಗೋಡೆ ಹಚ್ಚಿದ ಮನೆಯವರು. ಕಾಕಾನದು ನೇಕಾರರಿಗೆ ನೂಲು ಮಾರುವ ವ್ಯಾಪಾರ. ಭಾನುವಾರ ಬಂತೆಂದರೆ ಕೊರಳಿಗೆ ಸೀಟಿ ಹಾಕಿಕೊಂಡು ರೆಫರಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಯ ತಂಡ ಬಂದರೂ ಫುಟ್‌ಬಾಲ್ ಆಡಿಸುವವರು ಅವರೇ. ಅವರ ಕೈಗಡಿಯಾರ ನೋಡಿಯೇ ನಮ್ಮ ಓಣಿಯಲ್ಲಿ ಮುಹೂರ್ತದ ಅಕ್ಕಿಕಾಳು ಬೀಳುತ್ತಿದ್ದವು, ಹೆಣ ಏಳುತ್ತಿದ್ದವು. ಯಾರದೋ ಸಾವಿನ ಮನೆಯಲ್ಲಿ ಮಗ ಇನ್ನೂ ಬಂದಿಲ್ಲ, ಸ್ವಲ್ಪ ತಡೆಯಿರಿ ಎಂದರೆ, ಹೊತ್ತು ಮುಳುಗುವುದು ಯಾರನ್ನೂ ಕಾಯುವುದಿಲ್ಲ ಎಂದು ಮುಖದ ಮೇಲೆ ಹೇಳಿಬಿಡುವ ಮನುಷ್ಯ. ಆ ಮಾತಿಗೆ ನಾನೇ ಎಷ್ಟು ಸಲ ಮನಸ್ಸಿನಲ್ಲಿ ಬೈದುಕೊಂಡಿದ್ದೆನೋ.

ಮೈದಾನದಲ್ಲಿ ಅವರಿಗೆ ಆಗದಿದ್ದದ್ದು ಒಂದೇ, ಹೊತ್ತು ಕಳೆಯುವವರು. ಒಂದು ಗೋಲು ಮುಂದಿರುವ ತಂಡದವರಿಗೆ ಕೊನೆಕೊನೆಗೆ ಎಲ್ಲಿಲ್ಲದ ರೋಗಗಳು ಬರುತ್ತವಲ್ಲ, ಒಬ್ಬನಿಗೆ ಮೀನಖಂಡ ಹಿಡಿಯುತ್ತದೆ, ಇನ್ನೊಬ್ಬನ ಬೂಟಿನ ಲಾಡಿ ಬಿಚ್ಚುತ್ತದೆ, ಮತ್ತೊಬ್ಬ ಗಾಳಿ ಸೋಕಿದರೂ ಉರುಳಿ ಬೀಳುತ್ತಾನೆ. ಅಂಥವರಿಗಾಗಿಯೇ ಕಾಕಾ ಒಂದು ಪದ್ಧತಿ ಮಾಡಿದ್ದರು. ಬಿದ್ದವನ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು, ನೋವೆಂದ ಜಾಗವನ್ನು ಹೆಬ್ಬೆರಳಿನಿಂದ ಒತ್ತುವರು. ಸುಳ್ಳೆಂದು ಗೊತ್ತಾದರೆ ಬೇವಿನ ಮರದ ಕಡೆ ಕೈ ಮಾಡುವರು. ಅಲ್ಲಿ ಕಾಕು ಅರಿಶಿಣ ಸುಣ್ಣ ಕಾಸಿಕೊಂಡು ಕುಳಿತಿರುತ್ತಿದ್ದಳು.

"ಹಚ್ಚ ಇಂವಗ. ಒಣಗೂತನಾ ಹೊರಗ ಕುಂಡ್ರಲಿ."

ಒಣಗುವ ತನಕ ಏಳುವಂತಿಲ್ಲ. ಅದು ಮೈದಾನದ ಕಾಯಿದೆ. ಮೇಲಿಂದ, ಅವನು ಕಳೆದ ಹೊತ್ತನ್ನೆಲ್ಲ ಕಾಕಾ ಆಟದ ಕೊನೆಗೆ ಹಚ್ಚಿ ಆಡಿಸುತ್ತಿದ್ದರು. ಎಷ್ಟೋ ಸಲ ಮಬ್ಬುಗತ್ತಲೆಯಲ್ಲಿ ಚೆಂಡು ಕಾಣದಿದ್ದರೂ ಆಟ ನಡೆದಿರುತ್ತಿತ್ತು. ಸಾಕು ಬಿಡ್ರಿ ಎಂದವರಿಗೆ ಅವರದೊಂದೇ ಉತ್ತರ: "ಕಳದ ಹೊತ್ತು ನಮ್ಮಪ್ಪನ ಮನೀ ಗಂಟಲ್ಲ. ಆಡಾವರದು ಅದು. ತಿರುಗಿ ಕೊಡಬೇಕು."

ಹೊತ್ತು ಕಳೆಯುವವರಿಗೆಲ್ಲ ದೊರೆ ಎಂದರೆ ಲಕ್ಷ್ಮೇಶ್ವರದ ಗೋಲ್‌ಕೀಪರ್. ಹಿಟ್ಟಿನ ಗಿರಣಿಯ ಒಡೆಯ, ಬಾಗಿಲಿನಷ್ಟು ಆಳು. ಅವರು ಬಿದ್ದರೆ ಎಬ್ಬಿಸಲು ನಾಲ್ಕು ಜನ ಬೇಕು. ನಿಯಮದ ಪ್ರಕಾರ ಗೋಲ್‌ಕೀಪರನನ್ನು ಹೊರಗೆ ಕಳಿಸುವಂತಿಲ್ಲವಂತೆ, ಆದರೆ ಕಾಕಾನ ಮೈದಾನದಲ್ಲಿ ಆ ರಿಯಾಯಿತಿ ಇರಲಿಲ್ಲ. ಮೊಳಕಾಲಿಗೆ ಕೆಂಪು ಬಳಿಸಿಕೊಂಡು ಕಾಕುವಿನ ಪಕ್ಕ ಕುಳಿತ ಅವರು ಅಲ್ಲಿಂದಲೇ ಕೂಗುವರು: "ರೆಫ್ರಿ ಸಾಹೇಬ್ರ, ಖರೇನ ನೋಯಾಕತ್ತೈತ್ರಿ!"

"ನಿನ್ನ ಕಾಲು ಖರೇ ನೋಯೂ ದಿನಾ ನಾನ ಹೇಳ್ತೇನಿ. ಅಲ್ಲಿತನಾ ಬಾಯಿ ಮುಚ್ಚು!"

ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಕಾಕು ಮಾತ್ರ, ಪಾಪ, ಒಣಗುವ ತನಕ ಅವರಿಗೆ ಚುರಮುರಿಯನ್ನೋ ಚಹಾವನ್ನೋ ಕೊಡುತ್ತಿದ್ದಳು. ಚಹಾದ ಆಸೆಗೇ ಬೀಳ್ತಾನ ಅಂವ ಎಂದು ಕಾಕಾ ಗೊಣಗುತ್ತಿದ್ದರು. ಅದೂ ಸುಳ್ಳಿರಲಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯ ನಸುಕಿನಲ್ಲಿ ಕಾಕು ಹೋಗಿಬಿಟ್ಟಳು. ನೀರು ಕಾಯಿಸಲು ಎದ್ದವಳು ಬಚ್ಚಲ ಒಲೆಯ ಮುಂದೆಯೇ ಒರಗಿದ್ದಳು. ನಾನು ಮುಂಡರಗಿಯಿಂದ ಓಡಿ ಬಂದೆ. ಅವರಿಗಿದ್ದದ್ದು ಒಬ್ಬಳೇ ಮಗಳು, ನನ್ನ ಓರಗೆಯವಳು, ಸೊಲ್ಲಾಪುರಕ್ಕೆ ಕೊಟ್ಟಿತ್ತು. ಸುದ್ದಿ ತಿಳಿದೊಡನೆ ರೈಲು ಹತ್ತಿದ್ದಳು. ಆಕೆ ಬರುವ ಹೊತ್ತನ್ನು ಲೆಕ್ಕ ಹಾಕಿ ಕಾಕಾನೇ ಹೇಳಿದ್ದರು, ಐದೂವರೆಗೆ ಎತ್ತುವುದು, ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡುವುದು ಎಂದು.

ರೈಲು ತಡವಾಯಿತು. ಮತ್ತೆ ತಡವಾಯಿತು. ಐದು ದಾಟಿದ ಮೇಲೆ ನನ್ನ ಮೊಬೈಲಿಗೆ ಆಕೆಯ ಫೋನು. "ಗದಗ ಇನ್ನೊಂದ ಸ್ಟೇಷನ್ ಇರೂವಾಗ ನಿಲ್ಲಿಸ್ಯಾರಲೇ... ನಮ್ಮವ್ವನ ಮುಖಾ ನೋಡೂತನಾ ಎತ್ತಬ್ಯಾಡ್ರಿ ಅಂತ ಹೇಳಲೇ..." ಮುಂದೆ ಬರೀ ಅಳು. ನಾನು ಹೋಗಿ ಕಾಕಾನ ಕಿವಿಯಲ್ಲಿ ಹೇಳಿದೆ. ಅವರು ಹೆಣ ಹೊರುವ ಹೂವಿನ ವಿಮಾನದಲ್ಲಿ ಕೂರಿಸಿದ್ದ ಕಾಕುವಿನ ಕಡೆ ನೋಡಿದರು, ಅಷ್ಟೇ.

ಅಸುಂಡಿಯಿಂದ ಬಂದಿದ್ದ ಕಾಕಾನ ಅಣ್ಣ ಹಿರಿಯರು. ಬಿಸಿಲು ಗೋಡೆ ಏರುತ್ತಿರುವುದನ್ನು ನೋಡಿ ಕೇಳಿದರು: "ಹೊತ್ತೆಷ್ಟ ಆತೋ ತಮ್ಮಾ?"

ಕಾಕಾ ಗಡಿಯಾರ ನೋಡಿಕೊಂಡರು. "ಐದೂವರಿ ಆತಣ್ಣಾ."

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಇನ್ನೂ ಹೊತ್ತಿದೆ ಎಂದಿದ್ದರೆ ಯಾರೂ ತಮ್ಮ ಗಡಿಯಾರ ನೋಡಿಕೊಳ್ಳುತ್ತಿರಲಿಲ್ಲ. ಕಾಯಿರಿ ಎಂದು ಕೇಳಿದ್ದರೂ ಆಗುತ್ತಿತ್ತೋ ಏನೋ. ಆದರೆ ಊರವರಿಗೆಲ್ಲ ಇಲ್ಲವೆಂದದ್ದನ್ನು ತನ್ನ ಮನೆಗೆ ಹೇಗೆ ಕೇಳುವುದು? ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟಿನೊಳಗೇ ಅಳುವೂ ಬಂತು.

ಲಕ್ಷ್ಮೇಶ್ವರದ ಗೋಲ್‌ಕೀಪರ್ ಮಣ್ಣಿಗೆ ಬಂದಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಯಾರ ಬರಾವರದಾರ, ತಂಗಿ?" ಹೇಳಿದೆ. ಹೂಂ ಎಂದು ಹೊರಗೆ ಹೋದರು.

ಹೆಗಲು ಕೊಡುವವರು ಬಂದು ನಿಂತರು. ಮುಂದಿನ ಬಲಗಡೆಗೆ ಗೋಲ್‌ಕೀಪರ್ ಬಂದರು, ಎತ್ತಲು ಬಗ್ಗಿದರು, ಬಗ್ಗಿದವರು ಹಾಗೆಯೇ ಮೊಳಕಾಲು ಹಿಡಿದುಕೊಂಡು ಬಾಗಿಲಿಗೆ ಅಡ್ಡಲಾಗಿ ಕುಸಿದರು. "ಯವ್ವಾ... ಕಾಲು ಹೋತ್ರಿ!"

ನಮ್ಮ ಓಣಿಯಲ್ಲಿ ಆ ಬೀಳುವಿಕೆಯನ್ನು ನೋಡದವರು ಯಾರಿದ್ದರು? ಅದೇ ಬಲಗೈ ನೆಲಕ್ಕೆ ಬಡಿಯುವುದು, ಅದೇ ಮುಖ ಕಿವುಚುವುದು. ಸಾವಿನ ಮನೆಯಲ್ಲಿ ಇದೇನು ಹುಡುಗಾಟ ಎಂದು ಯಾರೋ ಗದರಿದರು. ಅಸುಂಡಿಯ ಅಣ್ಣನವರೂ ಸಿಡುಕಿದರು: "ಏನೂ ಆಗಿಲ್ಲ ಇಂವಗ. ಎಬ್ಬಸ್ರಿ!"

ಎಬ್ಬಿಸಲು ಹೋದವರನ್ನು ಕಾಕಾ ಕೈ ಮಾಡಿ ತಡೆದರು. ತಾವೇ ಬಂದು ಕುಕ್ಕರುಗಾಲಿನಲ್ಲಿ ಕುಳಿತರು. ಮೊಳಕಾಲಿನ ಕೆಳಗೆ ಹೆಬ್ಬೆರಳು ಇಟ್ಟು ಒತ್ತಿದರು. ಗೋಲ್‌ಕೀಪರ್ ಅವರ ಮುಖವನ್ನೇ ನೋಡುತ್ತ ಮಲಗಿದ್ದರು. ಆಗ ನರಳಲೂ ಇಲ್ಲ. ಕಾಕಾ ಹೆಬ್ಬೆರಳು ತೆಗೆಯದೆ, ತಲೆ ಎತ್ತದೆ ಹೇಳಿದರು: "ಖರೇನ ಪೆಟ್ಟಾಗೇತಿ. ಎಬ್ಬಸಬ್ಯಾಡ್ರಿ."

ಆಮೇಲೆ ರೂಢಿಯಂತೆ ಬಾಯಿಗೆ ಬಂದೇಬಿಟ್ಟಿತು: "ಅರಿಶಿಣ ಸುಣ್ಣ ಕಾಸೇ..."

ಅಂದವರು ಅರ್ಧಕ್ಕೇ ನಿಲ್ಲಿಸಿದರು. ಕಾಸುವವಳು ಹೂವಿನ ನಡುವೆ ಕುಳಿತಿದ್ದಳು... ನಾನೇ ಎದ್ದು ನಮ್ಮ ಮನೆಯ ಅಡುಗೆಮನೆಗೆ ಹೋದೆ. ಉರಿಯನ್ನು ಆದಷ್ಟು ಸಣ್ಣಗೆ ಇಟ್ಟೆ. ಕಾಸಿ ತಂದು, ಆ ದೊಡ್ಡ ಮೊಳಕಾಲಿಗೆ ದಪ್ಪಗೆ, ಒಂದರ ಮೇಲೊಂದು ಸುತ್ತು ಬಳಿದೆ. ಕಾಕಾ ಎಲ್ಲರ ಕಡೆ ತಿರುಗಿ, "ಒಣಗಲಿ" ಎಂದರು. ಅದು ಅವರ ಕಾಯಿದೆ. ಮುರಿಯಲು ಯಾರಿಗೂ ಬಾಯಿ ಬರಲಿಲ್ಲ. ಅಣ್ಣನವರೂ ಗೋಡೆಗೆ ಒರಗಿ ಕುಳಿತರು, ಆಗ ಅವರಿಗೂ ತಿಳಿದಿರಬೇಕು.

ಬಿಸಿಲು ಗೋಡೆ ಬಿಟ್ಟು ಮಾಳಿಗೆ ಸೇರಿತು. ಓಣಿಯ ತಿರುವಿನಲ್ಲಿ ಆಟೋ ಸದ್ದು ಕೇಳಿತು. ಮಗಳು ಬರಿಗಾಲಿನಲ್ಲಿ ಓಡಿ ಬಂದು ತಾಯಿಯ ತೊಡೆಯ ಮೇಲೆ ಬಿದ್ದಳು. ತಾಯಿಯ ಕೆನ್ನೆ ಸವರಿದಳು, ಹೂವು ಸರಿಸಿ ಹಣೆಗೆ ಹಣೆ ಹಚ್ಚಿದಳು. ಆಕೆಯ ಅಳುವನ್ನು ನಾನು ಬರೆಯಲಾರೆ. ಸಾಕಷ್ಟು ಅತ್ತ ಮೇಲೆ ಕಾಕಾ ಗೋಲ್‌ಕೀಪರನ ಕಡೆ ಬಗ್ಗಿ ಹೇಳಿದರು: "ಒಣಗೇತಿ. ಏಳಪಾ."

ಗೋಲ್‌ಕೀಪರ್ ಎದ್ದರು. ಕುಂಟುವುದನ್ನೂ ಮರೆತು ಹೆಗಲು ಕೊಟ್ಟರು. ಕೊನೆಯ ಬೆಳಕಿನಲ್ಲಿ ಕಾಕುವಿಗೆ ಮಣ್ಣು ಸಿಕ್ಕಿತು.

ಮುಂದಿನ ಭಾನುವಾರಗಳಲ್ಲಿ ಕಾಕಾ ಮೈದಾನಕ್ಕೆ ಹೋಗಲಿಲ್ಲ. ದುಃಖವಿರಬೇಕು, ಇಳಿದ ಮೇಲೆ ಹೋಗುತ್ತಾರೆ ಎಂದುಕೊಂಡೆವು. ತಿಂಗಳುಗಳು ಕಳೆದರೂ ಸೀಟಿ ಗೂಟಕ್ಕೇ ನೇತಾಡುತ್ತಿತ್ತು. ತವರಿಗೆ ಬಂದಾಗ ಒಮ್ಮೆ ಕೇಳಿಯೇಬಿಟ್ಟೆ.

"ಸುಳ್ಳು ತೀರ್ಪು ಕೊಟ್ಟೇನವ್ವಾ, ನಾಕ ಮಂದಿ ಮುಂದ," ಎಂದರು.

"ಅದೇನ ತಪ್ಪಾತು ಕಾಕಾ? ಒಂದ ಹೆಣ್ಣಮಗಳು ತನ್ನವ್ವನ ಮುಖಾ ನೋಡಿದ್ಲಲ್ಲ!"

"ತಪ್ಪಂತ ನಾ ಎಲ್ಲಿ ಅಂದೆ? ನಾಳೆ ಹಂತಾದ್ದ ಬಂದ್ರ ಮತ್ತ ಕೊಡತೇನಿ. ಅದಕ್ಕ ಸೀಟಿ ಬಿಟ್ಟೇನಿ."

ಆಮೇಲೆ ಆ ಸೀಟಿಯನ್ನು ಅವರು ಗೂಟದಿಂದ ಇಳಿಸಲೇ ಇಲ್ಲ.

ಹೋದ ವರ್ಷ ಕಾಕಾನೂ ಹೋದರು. ನನಗೆ ಸುದ್ದಿ ಮುಟ್ಟಿದ್ದೇ ತಡವಾಗಿ, ಮುಂಡರಗಿಯಿಂದ ಬಸ್ಸು ಸಿಕ್ಕಿದ್ದು ಇನ್ನೂ ತಡವಾಗಿ. ಓಣಿ ಮುಟ್ಟಿದಾಗ ಮಣ್ಣು ಕೊಟ್ಟು ಬಂದವರು ಕಾಲು ತೊಳೆದುಕೊಳ್ಳುತ್ತಿದ್ದರು. ನಾನು ಸತ್ತಾಗ ಯಾರನ್ನೂ ಕಾಯಬೇಡಿ ಎಂದು ಅಪ್ಪ ಹೇಳಿಟ್ಟಿದ್ದ ಎಂದು ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು. ಬೇವಿನ ಮರದ ಕಟ್ಟೆಯ ಮೇಲೆ ಗೋಲ್‌ಕೀಪರ್ ಒಬ್ಬರೇ ಕುಳಿತಿದ್ದರು, ಕೈಯಲ್ಲಿ ಕೋಲು. ನನ್ನನ್ನು ನೋಡಿ ತಲೆ ತಗ್ಗಿಸಿದರು.

"ನೀ ಬರಾಕತ್ತಿ ಅಂತ ಗೊತ್ತಿತ್ತು ತಂಗಿ. ಬೀಳಬೇಕಂತ ಬಾಗಲತನಾ ಹೋಗಿದ್ದೆ... ಆದ್ರ ಖರೇ ಅನ್ನಾವರು ಯಾರಿದ್ರು?"

ಕಾಲಿಗೆ ಬಳಿದದ್ದು ಒಣಗಿ, ಚರ್ಮ ಬಿಗಿದು ಚುರುಗುಟ್ಟುತ್ತಿದೆ. ತೊಳೆದುಕೊಂಡು ಏಳು, ಎಷ್ಟು ಹೊತ್ತು ಕೂಡುತ್ತೀ ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದಾರೆ. ಇನ್ನೂ ಒಣಗಿಲ್ಲ ಎಂದೆ.