ಮೂರನೆಯ ಗುಂಡಿ

ನಮ್ಮಪ್ಪ ಫೋಟೊಗಳಿಗೆ ಚೌಕಟ್ಟು ಹಾಕುತ್ತಿದ್ದ. ಕೆಳಗೆ ಅಂಗಡಿ, ಮೇಲೆ ಮನೆ. ಹೊಸದಾಗಿ ಮದುವೆಯಾದವರು, ಹೊಸದಾಗಿ ಸತ್ತವರು, ಎಲ್ಲರೂ ಒಮ್ಮೆ ನಮ್ಮ ಮೇಜಿನ ಮೇಲೆ ಅಂಗಾತ ಮಲಗಿ ಎದ್ದು ಹೋದವರೇ. ಗಾಜು ಒರೆಸುವ ಕೆಲಸ ನನ್ನದು. ಅಪ್ಪನ ಕೈ ಬಹಳ ಚೊಕ್ಕ, ಬಾಯಿ ಮಾತ್ರ ಅಷ್ಟು ಚೊಕ್ಕವಲ್ಲ. ಗಿರಾಕಿ ಮರೆತು ಫೋಟೊದ ಮೇಲೆ ಬೆರಳಿಟ್ಟರೆ ಸಾಕು, "ಅದೇನು ಜೇನಿನ ಬಾಟ್ಲಿನಾ, ಬೆರಳು ಅದ್ದೋಕೆ?" ಎಂದು ಎಗರಿ ಬೀಳುತ್ತಿದ್ದ.

ಮೇಲೆ ನಮ್ಮ ಹಾಲ್‌ನಲ್ಲಿ ಇದ್ದದ್ದು ಒಂದೇ ಫೋಟೊ, ಅಪ್ಪನ ಅಪ್ಪನದು. ಅಜ್ಜ ಮಿಲಿಟರಿ ಕೋಟು ತೊಟ್ಟು ಎದೆ ಸೆಟೆಸಿ ನಿಂತಿದ್ದ. ಗಂಟಲಿನವರೆಗೂ ಹಿತ್ತಾಳೆ ಗುಂಡಿಗಳು. ಮೇಲಿನಿಂದ ಮೂರನೆಯದು ಮಾತ್ರ ಬಿಳಿ, ಚಪ್ಪಟೆ, ನಾಲ್ಕು ತೂತಿನ ಸಾದಾ ಗುಂಡಿ. ಅದೇ ನಮ್ಮ ಮನೆತನದ ಆಸ್ತಿ. ಶತ್ರುವಿನ ಗುಂಡು ಬಂದು ಅಲ್ಲಿದ್ದ ಹಿತ್ತಾಳೆ ಗುಂಡಿಗೆ ಬಡಿಯಿತಂತೆ, ಗುಂಡಿ ಹಾರಿತಂತೆ, ಅಜ್ಜ ಉಳಿದನಂತೆ. ಕೈಗೆ ಸಿಕ್ಕ ಗುಂಡಿಯನ್ನು ಹೊಲಿದುಕೊಂಡು ಮತ್ತೆ ಮುಂದಕ್ಕೆ ನುಗ್ಗಿದನಂತೆ. ಇದನ್ನು ಹೇಳುವಾಗ ಅಪ್ಪ ತನ್ನ ಅಂಗಿಯ ಮೂರನೆಯ ಗುಂಡಿಯನ್ನು ಹಿಡಿದು ತಿರುವುತ್ತಿದ್ದ. ಕಥೆ ಮುಗಿಯುವ ಹೊತ್ತಿಗೆ ಅದು ಸಡಿಲವಾಗಿರುತ್ತಿತ್ತು. "ಅಜ್ಜಂದು ಗುಂಡೇಟಿಗೆ ಹೋಯ್ತು, ನಿಮ್ಮಪ್ಪಂದು ಬಾಯಿಗೆ ಹೋಗತ್ತೆ" ಎಂದು ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಅಜ್ಜನೇ ಈ ಕಥೆ ಹೇಳಿದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಅಪ್ಪನಿಗೆ ಬುದ್ಧಿ ಬರುವ ಮೊದಲೇ ಅವನು ತೀರಿಕೊಂಡಿದ್ದ. "ದೊಡ್ಡ ಮನುಷ್ಯರು ತಮ್ಮ ಬಗ್ಗೆ ಹೇಳ್ಕೊಳ್ಳಲ್ಲ" ಎನ್ನುತ್ತಿದ್ದ ಅಪ್ಪ. ಅಜ್ಜ ಹೇಳಿಕೊಳ್ಳದೆ ಬಿಟ್ಟದ್ದನ್ನೆಲ್ಲ ಇವನೇ ಸೇರಿಸಿ ಹೇಳಿದ. ಬೀದಿಯವರು ನಮ್ಮ ಮನೆಯನ್ನು ಸಿಪಾಯಿ ಮನೆ ಎಂದು ಕರೆಯುತ್ತಿದ್ದರು. ಹಾಗೆ ಕರೆಯುವಂತೆ ಮಾಡಿದ್ದೂ ಅಪ್ಪನೇ.

ನಮ್ಮ ಅಂಗಡಿಯ ಎದುರು, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಇಸ್ತ್ರಿಯಮ್ಮ ಮೇಜು ಹಾಕಿಕೊಂಡಿದ್ದಳು. ಅಪ್ಪನ ವಾರಗೆಯವಳು. ಅವಳ ತಂದೆಯೂ ಅದೇ ಯುದ್ಧಕ್ಕೆ ಹೋದವನು. ವಾಪಸ್ ಬರಲಿಲ್ಲ, ಸತ್ತನೆಂಬ ಸುದ್ದಿಯೂ ಬರಲಿಲ್ಲ. ಸುದ್ದಿ ಬರದಿದ್ದರೆ ಊರು ಸುಮ್ಮನಿರುತ್ತದೆಯೇ? ತಾನೇ ಒಂದನ್ನು ಮಾಡಿಕೊಂಡಿತು. ಹೆದರಿ ಓಡಿಹೋದ, ಎಲ್ಲೋ ತಲೆಮರೆಸಿಕೊಂಡಿದ್ದಾನೆ ಎಂದಿತು.

ಒಮ್ಮೆ ಅವಳ ಇಸ್ತ್ರಿ ಪೆಟ್ಟಿಗೆಯ ಬೂದಿ ಗಾಳಿಗೆ ಹಾರಿ, ಅಪ್ಪ ಆಗಷ್ಟೇ ಪಾಲಿಶ್ ಹಚ್ಚಿ ಒಣಗಲಿಟ್ಟಿದ್ದ ಚೌಕಟ್ಟಿನ ಮೇಲೆ ಕೂತಿತು. ಜಗಳ ಶುರುವಾಯಿತು. ಅವಳೂ ಬಿಡಲಿಲ್ಲ, "ಗಾಳಿನೂ ನಾನೇ ಬೀಸಿದ್ನಾ ಅಣ್ಣ?" ಎಂದಳು. ಅಪ್ಪ ಬೀದಿಯ ನಡುವೆ ನಿಂತು ಅಂದ: "ಯುದ್ಧ ಬಿಟ್ಟು ಓಡಿಹೋದವನ ಮಗಳು ನೀನು. ಸಿಪಾಯಿ ಮನೆ ಮುಂದೆ ಬಾಯಿ ಮಾಡ್ತೀಯಾ?"

ಯಾರೋ ಕಿಸಕ್ಕೆಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಸ್ತ್ರಿಯಮ್ಮ ತಲೆ ತಗ್ಗಿಸಿ ಮೇಜನ್ನು ಇನ್ನಷ್ಟು ಸಂದಿಯೊಳಕ್ಕೆ ಎಳೆದುಕೊಂಡಳು, ಅಷ್ಟೆ. ಅದಾದ ಮೇಲೂ ನಮ್ಮ ಬಟ್ಟೆ ಅವಳ ಹತ್ತಿರವೇ ಹೋಗುತ್ತಿತ್ತು, ಮಡಿಕೆ ಕೆಡದೆ ವಾಪಸ್ ಬರುತ್ತಿತ್ತು. ಅಂಗಡಿಯ ಬಾಗಿಲಲ್ಲಿ ಗಂಟು ಇಟ್ಟು ಹೋಗುವಳು. ಮೇಲೆ ಬಾ, ಕೂತ್ಕೋ ಎಂದು ನಮ್ಮ ಮನೆಯವರು ಒಬ್ಬರೂ ಅವಳಿಗೆ ಅಂದವರಲ್ಲ.

ಹೀಗಿರುವಾಗ ಊರಿನ ಗ್ರಂಥಾಲಯದವರು, ಯುದ್ಧಕ್ಕೆ ಹೋಗಿದ್ದವರ ಫೋಟೊಗಳನ್ನೆಲ್ಲ ಕೂಡಿಸಿ ಓದುವ ಕೋಣೆಯ ಗೋಡೆಗೆ ಹಾಕಬೇಕೆಂದರು. ಚೌಕಟ್ಟಿನ ಕೆಲಸ ಅಪ್ಪನಿಗೆ ಬಂತು. ಅಪ್ಪ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ. "ನಡುವಿನ ಜಾಗ ನಮ್ಮಪ್ಪಂಗೆ. ಗ್ರಂಥಪಾಲಕರಿಗೆ ಹೇಳಾಗಿದೆ" ಎಂದು ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ ಹೇಳಿದ. ಮೇಲಿನಿಂದ ಅಜ್ಜನ ಫೋಟೊ ಇಳಿಸಿ ತಂದು, ಹಳೆಯ ಗಾಜು ಬಿಚ್ಚಿ ಮೇಜಿನ ಮೇಲಿಟ್ಟ.

ಊರಿನ ಮನೆಮನೆಗಳಿಂದ ಅಜ್ಜಂದಿರು ಬರತೊಡಗಿದರು. ಬಸ್ ಡ್ರೈವರ್ ತನ್ನ ತಾತನನ್ನು ಟವೆಲ್‌ನಲ್ಲಿ ಸುತ್ತಿ ತಂದ. ಹಳೆಯ ಚೌಕಟ್ಟು ಬಿಚ್ಚಿ ಫೋಟೊವನ್ನು ಅಜ್ಜನ ಪಕ್ಕ ಇಟ್ಟ ಅಪ್ಪ ಹಾಗೆಯೇ ನಿಂತುಬಿಟ್ಟ. ನಾನು ಬಗ್ಗಿ ನೋಡಿದೆ. ಡ್ರೈವರನ ತಾತನ ಕೋಟಿನಲ್ಲೂ ಹಿತ್ತಾಳೆ ಗುಂಡಿಗಳು. ಮೂರನೆಯದು ಬಿಳಿ, ಚಪ್ಪಟೆ, ನಾಲ್ಕು ತೂತು. ಎಡಜೇಬಿನ ಅಂಚಿಗೆ ಅಡ್ಡಡ್ಡ ಹಾಕಿದ ಹೊಲಿಗೆ ನಮ್ಮಜ್ಜನ ಜೇಬಿಗೂ ಇತ್ತು.

"ನಮ್ಮಪ್ಪನ ಕೋಟು ಇವನ ಮೈಮೇಲೆ ಹೇಗೆ ಬಂತು?" ಎಂದ ಅಪ್ಪ. "ಕದ್ದಿದ್ದಾರೆ."

ಮರುದಿನ ಚಪ್ಪಲಿ ಅಂಗಡಿಯವನ ಅಜ್ಜ ಬಂದ. ಅದೇ ಕೋಟು. ಈ ಅಜ್ಜ ಸಣಕಲ, ಕೋಟು ಭುಜದಿಂದ ಜಾರುತ್ತಿತ್ತು. ಈ ಸಲ ಅಪ್ಪ ಕದ್ದಿದ್ದಾರೆ ಎನ್ನಲಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ತನ್ನ ಅಕ್ಕನ ಮನೆಗೆ ಹೊರಟ. ನಾನು ಹಿಂದೆಯೇ ಹೋದೆ.

ದೊಡ್ಡತ್ತೆ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಮಲಗಿದ್ದಳು. ಅಪ್ಪ ಕೋಟಿನ ವಿಷಯ ಕೇಳಿದ್ದೇ ತಡ, ಕಣ್ಣು ಮುಚ್ಚಿಕೊಂಡೇ ನಗತೊಡಗಿದಳು. ಔಷಧಿಯೆಲ್ಲ ಕಿವಿಗೆ ಇಳಿಯಿತು.

"ಅಯ್ಯೋ ಪೆದ್ದೇ, ಅದು ಸ್ಟುಡಿಯೋ ಕೋಟು ಕಣೋ! ಮೊಳೆಗೆ ನೇತು ಹಾಕಿರ್ತಿದ್ರು. ವಕೀಲರ ಕರೀ ಕೋಟು ಒಂದು, ಮಿಲಿಟರಿದು ಒಂದು. ಫೋಟೊ ತೆಗೆಸ್ಕೊಳ್ಳೋರು ಬೇಕಾದ್ದು ಹಾಕ್ಕೊಂಡು ನಿಂತ್ಕೋಬಹುದಿತ್ತು. ಅಮ್ಮ ವಕೀಲರದ್ದು ಹಾಕ್ಕೊಳ್ಳಿ ಅಂದ್ಲು. ಅದು ಅಪ್ಪನ ಹೊಟ್ಟೆಗೆ ಹಿಡೀಲಿಲ್ಲ."

"ಮತ್ತೆ ಯುದ್ಧಕ್ಕೆ ಹೋಗಿದ್ದು?"

"ಮಿಲಿಟರಿ ಗೋದಾಮಲ್ಲಿ ಮೂಟೆ ಹೊರ್ತಿದ್ದ. ಸೊಂಟ ಹಿಡ್ಕೊಂಡ್ತು, ಮನೆಗೆ ಕಳಿಸಿದ್ರು."

"ಇಷ್ಟು ವರ್ಷ ನನಗ್ಯಾಕೆ ಹೇಳ್ಲಿಲ್ಲ ಅಕ್ಕ?"

ದೊಡ್ಡತ್ತೆಯ ನಗು ನಿಂತಿತು. "ಅಪ್ಪ ಹೋದ್ಮೇಲೆ ನೀನು ದಿನಾ ಅಳ್ತಿದ್ದೆ. ಅದ್ಯಾವಾಗ್ಲೋ ಈ ಗುಂಡಿ ಕಥೆ ಕಟ್ಕೊಂಡೆ, ಅಳು ನಿಲ್ಲಿಸ್ದೆ. ನಾನ್ಯಾಕೆ ಕೆಡಿಸ್ಲಿ?" ಎಂದಳು.

ದಾರಿಯಲ್ಲಿ ಅಪ್ಪ ಗೋಡೆ ಪಕ್ಕಕ್ಕೇ ಸರಿದು ನಡೆದ. ಯಾರೋ "ಏನ್ ಸಿಪಾಯ್ರೇ" ಎಂದು ಕೂಗಿದರು. ತಿರುಗಿ ನೋಡಲಿಲ್ಲ. ಸುಳ್ಳು ಅಪ್ಪನದೇ ಆದರೂ ಅದನ್ನು ಉಂಡು ಬೆಳೆದ ಮೈ ನನ್ನದು. ಯಾರಾದರೂ ಎದುರು ಬಂದರೆ ಅಂಗಿ ಇಲ್ಲದೆ ಬೀದಿಗೆ ಬಂದ ಹಾಗಾಗುತ್ತಿತ್ತು.

ಅಂಗಡಿಗೆ ಬಂದವನೇ ಅಪ್ಪ ದಪ್ಪ ರಟ್ಟು ತೆಗೆದುಕೊಂಡ. ಫೋಟೊದ ಮೇಲೆ, ಗಾಜಿನ ಕೆಳಗೆ ಒಂದು ರಟ್ಟು ಇಡುತ್ತೇವೆ. ಅದರಲ್ಲಿ ಕೊರೆದ ಕಿಟಕಿಯೊಳಗೆ ಎಷ್ಟು ಬೇಕೋ ಅಷ್ಟು ಫೋಟೊ ಕಾಣುತ್ತದೆ. ಅಪ್ಪ ಅಂಗೈಯಷ್ಟು ಅಗಲದ ಮೊಟ್ಟೆಯಾಕಾರದ ಕಿಟಕಿ ಕೊರೆದು ಅಜ್ಜನ ಮೇಲಿಟ್ಟ. ಮುಖ ಮಾತ್ರ ಕಂಡಿತು. ಕೋಟು ಮಾಯ.

"ಇದೇನಪ್ಪ?" ಎಂದೆ.

"ಮುಖ ತಾನೇ ಮುಖ್ಯ? ಮೂರಕ್ಕೂ ಹೀಗೇ ಮಾಡ್ತೀನಿ. ಚೆನ್ನಾಗಿ ಕಾಣತ್ತೆ."

"ಚೆನ್ನಾಗಿ ಕಾಣೋಕಾ, ಕಾಣದೇ ಇರೋಕಾ?"

"ಬಾಯಿ ಮುಚ್ಕೊಂಡು ಗಾಜು ಒರೆಸು."

ಒರೆಸಿದೆ. ಅಷ್ಟರಲ್ಲಿ ಇಸ್ತ್ರಿಯಮ್ಮ ಬಟ್ಟೆ ತಂದಳು. ಗಂಟನ್ನು ಬಾಗಿಲಲ್ಲಿಟ್ಟು ಹೊರಡಬೇಕಾದವಳು ಮೇಜಿನ ಕಡೆ ನೋಡಿ ನಿಂತಳು. ಡ್ರೈವರನ ತಾತ ಇನ್ನೂ ರಟ್ಟಿಲ್ಲದೆ ಬರಿಮೈಯಲ್ಲಿ ಬಿದ್ದಿದ್ದ. ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಅವಳು ಹಾಗೆ ಬಂದದ್ದು ನಾನು ನೋಡಿದಂತೆ ಅದೇ ಮೊದಲು. ಬೆರಳನ್ನು ಫೋಟೊದ ಮೇಲೆಯೇ ಇಟ್ಟಳು. ಅಪ್ಪ ಎಗರಿ ಬೀಳಲಿಲ್ಲ.

"ಇದು ನಮ್ಮಮ್ಮ ಹಾಕಿದ ಗುಂಡಿ" ಎಂದಳು.

ನಾನು ಕೈಯಲ್ಲಿದ್ದ ಗಾಜನ್ನು ಮೇಜಿನ ಮೇಲಿಟ್ಟೆ.

"ನಮ್ಮಪ್ಪ ಒಂದೇ ಸಲ ರಜಕ್ಕೆ ಬಂದಿದ್ರು. ಕೋಟಿನ ಗುಂಡಿ ಎಲ್ಲೋ ಬಿದ್ದೋಗಿತ್ತು. ಅಮ್ಮ ನನ್ನ ಫ್ರಾಕಿನ ಬೆನ್ನಿಂದ ಕಿತ್ತು ಹೊಲಿದ್ಲು. ನಾನು ನನ್ನ ಗುಂಡಿ ಕೊಡಿ ಅಂತ ಅತ್ತೆ. ಬಂದಾಗ ಕೊಡ್ತೀನಿ ಮರಿ ಅಂದ್ರು. ಆಮೇಲೆ ಅಲ್ಲಿ ಹೊಸ ಕೋಟು ಕೊಡ್ತಾರೆ ಅಂತ ಇದನ್ನ ಬಿಟ್ಟೇ ಹೋದ್ರು." ಅವಳು ಜೇಬಿನ ಹೊಲಿಗೆಯನ್ನು ಸವರಿದಳು. "ಊರೋರು ಒಂದೊಂದು ಅನ್ನೋಕೆ ಶುರು ಮಾಡಿದ್ಮೇಲೆ ಅಮ್ಮಂಗೆ ಇದನ್ನ ಕಣ್ಣೆದುರು ಇಟ್ಕೊಳ್ಳೋಕೆ ಆಗ್ಲಿಲ್ಲ. ಸ್ಟುಡಿಯೋದೋರಿಗೆ ಕೊಟ್ಬಿಟ್ಲು. ಹಾಕ್ಕೊಂಡಿದ್ದಾಗ ಒಂದು ಫೋಟೊ ತೆಗೆಸ್ಬೇಕಿತ್ತು, ತೆಗೆಸ್ಲಿಲ್ಲ."

ಅಪ್ಪನ ಎರಡೂ ಅಂಗೈ ನಮ್ಮಜ್ಜನ ಮೇಲಿದ್ದ ರಟ್ಟನ್ನು ಒತ್ತಿಹಿಡಿದಿದ್ದವು. ಅವಳಿಗೆ ಅಲ್ಲಿ ಕಾಣುತ್ತಿದ್ದದ್ದು ಒಂದು ಮುಖ, ಅಷ್ಟೆ.

"ಅಣ್ಣ, ಇದನ್ನ ಗೋಡೆಗೆ ಹಾಕಿದ್ಮೇಲೆ ನಾನೊಂದ್ಸಲ ಬಂದು ನೋಡಬಹುದಾ? ಡ್ರೈವರ್ ಮನೆಯವರು ಏನೂ ಅನ್ಕೊಳ್ಳಲ್ಲ ಅಲ್ವಾ?"

ಅಪ್ಪ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ದೇವರಿಗೇ ಗೊತ್ತು. ಅವಳು ಹೋದಳು. ನನಗೆ ತಡೆಯಲಾಗಲಿಲ್ಲ. "ಗುಂಡೇಟು ಬಿತ್ತಲ್ಲಪ್ಪ, ಫ್ರಾಕಿಗೆ" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲಿನ ಮೇಲೆ ಕೂತು, ತನ್ನ ಅಂಗಿಯ ಗುಂಡಿಯ ಕಡೆ ಹೋದ ಕೈಯನ್ನು ಅರ್ಧಕ್ಕೇ ಇಳಿಸಿ, "ಎಂಥಾ ನಾಚಿಕೆಗೇಡಿ ನಾನು" ಎಂದ. ಮುಖ ಕಿವುಚಿ ಹೋಗಿತ್ತು.

ಸಂಜೆಯವರೆಗೂ ಅಪ್ಪ ರಟ್ಟು ಕೊರೆದ. ಡ್ರೈವರನ ತಾತನಿಗೂ ಚಪ್ಪಲಿ ಅಂಗಡಿಯ ಅಜ್ಜನಿಗೂ ಕೋಟು, ಗುಂಡಿ ಎಲ್ಲ ಕಾಣುವ ಹಾಗೆ ಅಗಲ ಕಿಟಕಿ. ಅವರು ನಿಜಕ್ಕೂ ಯುದ್ಧಕ್ಕೆ ಹೋಗಿದ್ದರೋ ಏನೋ, ಅದನ್ನು ಕೆದಕುವ ಮುಖ ನಮಗಿರಲಿಲ್ಲ. ಕೊನೆಯದಾಗಿ ನಮ್ಮಜ್ಜನ ರಟ್ಟು. ಏನು ಕೊರೆಯುತ್ತಿದ್ದಾನೆಂದು ನನಗೆ ತೋರಿಸಲಿಲ್ಲ. ಗಾಜು ಕೇಳಿದ, ಕೊಟ್ಟೆ. ಮೊಳೆ ಬಡಿದು ಕಾಗದದಲ್ಲಿ ಸುತ್ತಿಟ್ಟ.

ಫೋಟೊಗಳನ್ನು ಗೋಡೆಗೆ ಏರಿಸಿದ ದಿನ ಓದುವ ಕೋಣೆ ತುಂಬಿತ್ತು. ನಡುವಿನ ಜಾಗಕ್ಕೆ ಅಪ್ಪನೇ ಏಣಿ ಹತ್ತಿದ. ಕಾಗದ ಬಿಚ್ಚಿ ಕೊಕ್ಕೆಗೆ ಹಾಕಿ ಇಳಿದ. ಚೌಕಟ್ಟಿನೊಳಗೆ ಕತ್ತಿನ ಪಟ್ಟಿಯಿಂದ ಸೊಂಟದವರೆಗೆ ಬರೀ ಕೋಟು. ಮುಖವಿರಬೇಕಾದಲ್ಲಿ ರಟ್ಟು. ಕೆಳಗೆ ಅಪ್ಪನ ದುಂಡು ಅಕ್ಷರದಲ್ಲಿ ಒಂದು ಚೀಟಿ: 'ಇದು ಇಸ್ತ್ರಿಯಮ್ಮನ ತಂದೆಯ ಕೋಟು.'

"ಏನ್ರೀ ಇದು, ತಲೇನೇ ಇಲ್ಲ?" ಎಂದರು ಗ್ರಂಥಪಾಲಕರು. "ನಿಮ್ಮ ತಂದೆಯವರದು ಎಲ್ಲಿ?"

ಅಪ್ಪ ಏಣಿಯನ್ನು ಹಿಡಿದುಕೊಂಡೇ ಹೇಳಿದ, ಎಲ್ಲರಿಗೂ ಕೇಳುವ ಹಾಗೆ. "ನಮ್ಮಪ್ಪ ಮೂಟೆ ಹೊತ್ತವರು ಸಾರ್. ಕೋಟು ಅವರದ್ದಲ್ಲ. ಕಥೆ ನಂದು."

ಯಾರೋ ಕೆಮ್ಮಿದರು. ಅಮ್ಮ ನನ್ನ ಕೈಯನ್ನು ನೋವಾಗುವಷ್ಟು ಹಿಸುಕಿದಳು. ಬಾಗಿಲ ಬಳಿ ನಿಂತಿದ್ದ ಇಸ್ತ್ರಿಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಚೀಟಿ ಓದಿದಳು. ಕೋಟನ್ನು ನೋಡಿದಳು. ನೋಡುತ್ತಲೇ ಇದ್ದಳು.

"ಈ ರಟ್ಟಿನ ಹಿಂದೆ ಇರೋದು ನಿಮ್ಮ ತಂದೇನಾ ಅಣ್ಣ?"

"ಹೌದು."

"ಪಾಪ, ಉಸಿರು ಕಟ್ಟಲ್ವಾ? ತೆಗೀರಿ ರಟ್ಟು."

"ಬೇಡ. ಆ ಜಾಗ ನಿಮ್ಮ ತಂದೇದು" ಎಂದ ಅಪ್ಪ.

"ನಮ್ಮಪ್ಪನ ಮುಖ ನನಗೇ ನೆನಪಿಲ್ಲ ಅಣ್ಣ. ಆ ಕತ್ತಿನ ಮೇಲೆ ಯಾರದಾದ್ರೂ ಒಂದು ಮುಖ ಇರ್ಲಿ."

ಅಪ್ಪ ಏಣಿಯ ಕೆಳಗಿನ ಮೆಟ್ಟಿಲಿಗೇ ಕುಸಿದು ಕೂತ. ಅಷ್ಟು ಜನರೆದುರು ಅವನು ಅತ್ತದ್ದನ್ನು ನಾನು ನೋಡಲಾರದೆ ನೋಡಿದೆ. "ಅವತ್ತು ಬೀದೀಲಿ ನಿಮಗೆ ನಾನು ಅಂದಿದ್ದು..." ಎಂದು ಶುರುಮಾಡಿ ಮುಗಿಸಲಾಗದೆ ನಿಲ್ಲಿಸಿದ.

"ಊರೆಲ್ಲ ಅಂದಿದ್ದೇ ತಾನೇ" ಎಂದಳು ಇಸ್ತ್ರಿಯಮ್ಮ. "ನೀವು ಸ್ವಲ್ಪ ಜೋರಾಗಿ ಅಂದ್ರಿ, ಅಷ್ಟೆ."

ಕೋಣೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಅವಳು ಮಾತ್ರ ತಲೆಯೆತ್ತಿ ತನ್ನ ಫ್ರಾಕಿನ ಗುಂಡಿಯನ್ನು ನೋಡುತ್ತಿದ್ದಳು.