ಸರೋವರದ ದಡದಲ್ಲಿ ಅರ್ಧ ಡಬ್ಬಿ ಪುಳಿಯೋಗರೆ

ಕಾರಿನಿಂದ ಇಳಿದಾಗ ಕಿವಿ ಕಟ್ಟಿಕೊಂಡಿದೆ ಅಂದುಕೊಂಡೆ. ಮೂಗು ಹಿಡಿದು ಉಸಿರು ತಳ್ಳಿ ನೋಡಿದೆ, ಆಕಳಿಸಿ ನೋಡಿದೆ. ಕಿವಿ ಸರಿಯಾಗಿಯೇ ಇತ್ತು. ಅಲ್ಲಿ ಸದ್ದೇ ಇರಲಿಲ್ಲ. ಮಿಷಿಗನ್ನಿನ ಉತ್ತರಕ್ಕಿರುವ ಆ ಸರೋವರದ ಸುತ್ತ ಪೈನ್ ಮರಗಳು, ತಳದ ಕಲ್ಲು ಕಾಣುವಷ್ಟು ತಿಳಿನೀರು, ಮನುಷ್ಯರ ಸುಳಿವಿಲ್ಲ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ಹತ್ತು ಮನೆಯ ಸುದ್ದಿ ಕಿವಿಗೆ ಬೀಳುತ್ತದೆ. ಇಲ್ಲಿ ನನ್ನ ಚಪ್ಪಲಿಯ ಸದ್ದಿಗೆ ನಾನೇ ಬೆಚ್ಚಿದೆ.

ನಾನಿರುವ ಊರು ಲೊಂಬಾರ್ಡ್‌ನಿಂದ ಐದೂವರೆ ಗಂಟೆ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದೆ. ಅದರ ಜಂಬ ಕೊಚ್ಚಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ರಿಸೆಷನ್‌ನಲ್ಲಿ ನನ್ನ ಗಂಡ ಸುರೇಶ್ ಅವರ ಕೆಲಸ ಹೋಗಿ, ಐದು ತಿಂಗಳ ಹಿಂದೆ ಅವರು ಬೆಂಗಳೂರಿಗೆ ವಾಪಸಾಗಿದ್ದರು. ನಾನು ಫಿಸಿಯೋಥೆರಪಿಸ್ಟ್. ಇಲ್ಲಿನ ಲೈಸೆನ್ಸಿಗಾಗಿ ವರ್ಷಗಟ್ಟಲೆ ಓದಿ ಕೆಲಸ ಹಿಡಿದವಳು. ಬಿಟ್ಟುಹೋಗಲು ಮನಸ್ಸಾಗದೆ ಉಳಿದುಕೊಂಡಿದ್ದೆ. ಈಗ ಅಪಾರ್ಟ್‌ಮೆಂಟಿನ ಲೀಸ್ ಮುಗಿಯುತ್ತಿತ್ತು. ಇರುತ್ತೀಯೋ ಬರುತ್ತೀಯೋ, ಈ ವಾರಾಂತ್ಯದಲ್ಲಿ ಹೇಳಿಬಿಡು ಎಂದಿದ್ದರು ಸುರೇಶ್. ಯೋಚಿಸಲು ಪ್ರಶಾಂತವಾದ ಜಾಗ ಹುಡುಕಿಕೊಂಡು ಇಲ್ಲಿಗೆ ಬಂದೆ. ಮನೆಯಲ್ಲಿದ್ದ ಪ್ರಶಾಂತತೆ ಸಾಲದಾಗಿತ್ತೇನೋ!

ಸ್ವಲ್ಪ ದೂರ ನಡೆದ ಮೇಲೆ ದಡದಲ್ಲಿ ಒಬ್ಬಾತ ಕಂಡ, ಕಯಾಕ್ ಬಾಡಿಗೆಗೆ ಕೊಡುತ್ತಿದ್ದ. ಕಯಾಕ್ ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಆತನ ಹೆಸರು ಡೇಲ್, ವಯಸ್ಸು ಅರವತ್ತರ ಆಸುಪಾಸು. ಡೆಟ್ರಾಯಿಟ್ ಬಳಿಯ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದನಂತೆ. ನಾನು ಒಂದು ಗಂಟೆ ನಿಂತಲ್ಲೇ ಗಿರಗಿರ ಸುತ್ತಿ, ಹೇಗೋ ದಡ ಸೇರಿದೆ. ಆತ ದೋಣಿ ಎಳೆದು ಕೈಕೊಟ್ಟು ಇಳಿಸಿದ. ಏನಾದರೂ ಮಾತಾಡಬೇಕಲ್ಲ ಎಂದು, ಊರಿನ ಅಭ್ಯಾಸದಂತೆ ಇಂಗ್ಲಿಷಿನಲ್ಲಿ ಕೇಳಿದೆ: "ಊಟ ಆಯ್ತಾ?"

ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ "ಆಯ್ತು" ಎಂದು ಮುಂದೆ ಹೋಗುತ್ತೇವೆ. ಡೇಲ್ ಮಾತ್ರ ನನ್ನ ಮುಖ ನೋಡಿ, "ಇಲ್ಲ ಮ್ಯಾಮ್, ಇನ್ನೂ ಇಲ್ಲ" ಎಂದ. ಕೈ ತೊಳೆದು ಬಂದು, ಟೋಪಿ ತೆಗೆದಿಟ್ಟು, ಬೆಂಚಿನ ಮೇಲೆ ಕೂತ. "ಕರೆದದ್ದಕ್ಕೆ ಥ್ಯಾಂಕ್ಸ್."

ನನಗೆ ಪೀಕಲಾಟಕ್ಕಿಟ್ಟುಕೊಂಡಿತು. ಇದ್ದದ್ದು ಒಂದೇ ಡಬ್ಬಿ ಪುಳಿಯೋಗರೆ. ಅದರಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿಕೊಟ್ಟೆ. ಒಣಮೆಣಸಿನಕಾಯಿಯನ್ನು ಬಾಯಿಗಿಡುವ ಮೊದಲೇ ತಡೆದೆ. ಆತ ಕಡಲೆಕಾಯಿ ಬೀಜಗಳನ್ನು ಒಂದೊಂದಾಗಿ ಆರಿಸಿ ತಿಂದ.

"ಕಾರ್ಖಾನೆಯಲ್ಲಿ ಒಂದೇ ಮೇಜಿಗೆ ಹನ್ನೆರಡು ಜನ ಕೂತು ತಿಂತಿದ್ವಿ. ಈಗ ನಿಂತ್ಕೊಂಡೇ ತಿಂದು ಮುಗಿಸ್ತೀನಿ," ಎಂದ.

"ನಾನೂ ಅಷ್ಟೇ. ಸಿಂಕಿನ ಮುಂದೆ," ಎಂದೆ. ಎದುರಿಗೆ ಒಬ್ಬರು ಕೂತು ಉಣ್ಣುವುದನ್ನು ನೋಡಿ ಐದು ತಿಂಗಳಾಗಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ ಎಂದು ತಿಳಿಯಲು ಇಷ್ಟು ದೂರ ಬರಬೇಕಾಯಿತು.

ಆತ ಎದ್ದು ಹೋದ ಸ್ವಲ್ಪ ಹೊತ್ತಿಗೆ ಬೆಂಗಳೂರಿನಿಂದ ಫೋನ್ ಬಂತು.

"ಏನ್ ಡಿಸೈಡ್ ಮಾಡ್ದೆ?" ಸುರೇಶ್ ಕೇಳಿದರು.

"ಬರ್ತೀನಿ ರೀ."

"ನಿಜವಾಗ್ಲೂ? ಕೆಲಸ? ಅಷ್ಟು ಕಷ್ಟಪಟ್ಟು ತಗೊಂಡಿದ್ದು..."

"ಬಿಟ್ಟು ಬರ್ತೀನಿ," ಎಂದೆ. ಅತ್ತ ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ನನಗೂ ಅಳು ಬಂತು. ಸಂತೋಷಕ್ಕೋ, ಲೈಸೆನ್ಸಿಗೋ, ಗೊತ್ತಾಗಲಿಲ್ಲ.

ಲೈಫ್ ಜಾಕೆಟ್ ಹಿಂತಿರುಗಿಸಲು ಹೋದೆ. ಎಲೆ ಬಣ್ಣ ತಿರುಗುವ ಅಕ್ಟೋಬರಿನಲ್ಲಿ ಈ ಸರೋವರ ನೋಡಬೇಕು ಎಂದು ಡೇಲ್ ಹೇಳಿದ. ಹೊರಡುವಾಗ "ಹೋಗ್ತೀನಿ" ಅನ್ನಬಾರದೆಂದು ಕಲಿತ ನಾಲಿಗೆ ನನ್ನದು. ಕನ್ನಡದಲ್ಲೇ "ಬರ್ತೀನಿ" ಎಂದುಬಿಟ್ಟೆ.

"ಹಾಗಂದ್ರೆ?"

ಅರ್ಥ ಹೇಳಿದೆ.

"ಹಾಗಾದ್ರೆ ನಿಮಗೊಂದು ಕಯಾಕ್ ತೆಗೆದಿಟ್ಟಿರ್ತೀನಿ," ಎಂದು ಆತ ನನ್ನ ಹೆಸರು ಕೇಳಿ ಬರೆದುಕೊಂಡ. ನಾನು ಅಕ್ಷರ ಬಿಡಿಸಿ ಬಿಡಿಸಿ ಹೇಳಿದೆ.