ಏನನ್ನೂ ಕೇಳದ ಸನ್ಮಾನ

ಅದು 2023 ಇರಬೇಕು. ಬೆಸ ಸಂಖ್ಯೆಯ ವರ್ಷವೆಂಬುದು ಮಾತ್ರ ಖಚಿತ. ಟೆಕ್ಸಾಸ್ ಶಾಸನಸಭೆ ಅಂಥ ವರ್ಷಗಳಲ್ಲಷ್ಟೇ ನೂರನಲವತ್ತು ದಿನ ಸೇರುತ್ತದೆ. ರಾಜ್ಯಶಾಸ್ತ್ರ ಓದಿದ ನಾನು ಆಸ್ಟಿನ್‌ನಲ್ಲಿ ಒಬ್ಬ ಸ್ಟೇಟ್ ಸೆನೆಟರ್‌ಗೆ ಶಾಸನ ಸಹಾಯಕನಾಗಿದ್ದೆ. ಅವರ ಕ್ಷೇತ್ರ ಹ್ಯೂಸ್ಟನ್‌ನ ಉತ್ತರಕ್ಕೆ, ದ ವುಡ್‌ಲ್ಯಾಂಡ್ಸ್ ಸುತ್ತ. ಅವರು ಕಟ್ಟಾ ಸಂಪ್ರದಾಯವಾದಿ. ಗರ್ಭಪಾತ, ಬಂದೂಕು, ಗಡಿ, ಯಾವುದರಲ್ಲೂ ನಮ್ಮಿಬ್ಬರಿಗೆ ಒಮ್ಮತವಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವರನ್ನು ನಂಬುತ್ತಿದ್ದೆ: ದುಡಿಯಬಲ್ಲವರಿಗೆ ಸರ್ಕಾರ ಲೈಸೆನ್ಸಿನ ಹೆಸರಿನಲ್ಲಿ ಅಡ್ಡ ಬರಬಾರದೆಂದು ಅವರು ಮೊದಲ ಚುನಾವಣೆಯಿಂದಲೂ ಹೇಳುತ್ತಿದ್ದರು.

ಆ ಸೆಷನ್‌ನಲ್ಲಿ ಅಂಥದೇ ಒಂದು ಬಿಲ್ ಅವರ ಸಮಿತಿಗೆ ಬಂತು. ವಿದೇಶದಲ್ಲಿ ಓದಿದ ದಂತವೈದ್ಯರು ಇಲ್ಲಿ ಮತ್ತೆ ಕಾಲೇಜು ಸೇರದೆ, ಪರೀಕ್ಷೆ ಬರೆದು ಕೆಲಸ ಮಾಡಬಹುದು ಎಂಬುದು ಅದರ ಸಾರ. ಹಿಯರಿಂಗ್, ಅಂದರೆ ಸಮಿತಿಯ ಮುಂದೆ ವಿಚಾರಣೆ, ಕೊಡುವುದೂ ಬಿಡುವುದೂ ಅಧ್ಯಕ್ಷರಾದ ಸೆನೆಟರ್ ಕೈಯಲ್ಲಿತ್ತು. ಬಿಲ್ ಬೇಡವೆನ್ನುವ ದಂತವೈದ್ಯರ ಪ್ರತಿನಿಧಿ ಡಲ್ಲಾಸ್‌ನಿಂದ ವಾರವಾರವೂ ಬಂದು ಹೋಗುತ್ತಿದ್ದ.

ಅದೇ ಸಮಯಕ್ಕೆ ವುಡ್‌ಲ್ಯಾಂಡ್ಸ್‌ನ ಕನ್ನಡಿಗರು ಯುಗಾದಿಗೆ ಸೆನೆಟರನ್ನು ಕರೆದರು. ದಾವಣಗೆರೆಯಲ್ಲಿ ಡೆಂಟಿಸ್ಟ್ ಆಗಿದ್ದ ಸುಮಾ ಅವರಲ್ಲೊಬ್ಬರು. ಗಂಡನಿಗೆ ಎನರ್ಜಿ ಕಂಪನಿಯಲ್ಲಿ ಕೆಲಸ. ಇವರು ವರ್ಷಗಳಿಂದ ಮನೆಯಲ್ಲಿ. "ಬಿಲ್‌ಗೆ ಹಿಯರಿಂಗ್ ಕೊಡಿ ಅಂತ ಸೆನೆಟರ್ ಮುಖ ನೋಡಿ ಕೇಳಿ, ಅವರು ಮರೆಯಲ್ಲ," ಎಂದು ನಾನು ಸುಮಾಗೆ ಮೊದಲೇ ಹೇಳಿದ್ದೆ.

ಸುಮಾ ಕೇಳಲಿದ್ದಾರೆಂದು ಹಬ್ಬದ ದಿನ ತಿಳಿದು ಕನ್ನಡ ಸಂಘದ ಅಧ್ಯಕ್ಷ ರಮೇಶ್ ಅಂಕಲ್ ಹೌಹಾರಿದರು. "ಅಯ್ಯೋ, ಕರೆದು ಶಾಲು ಹೊದಿಸಿ ಕೆಲಸ ಕೇಳೋದಾ? ಅತಿಥಿಗೆ ಮುಜುಗರ ಆಗಲ್ವಾ? ಇವತ್ತು ಸನ್ಮಾನ, ಕೆಲಸ ಆಮೇಲೆ."

"ಆಮೇಲೆ ಅಂದ್ರೆ ಯಾವಾಗ ಅಂಕಲ್? ನನ್ನ ಕೈಗೆ ಕೆಲಸ ಮರೆತೇ ಹೋಗ್ತಿದೆ."

"ಏನಮ್ಮಾ, ಒಬ್ಬಟ್ಟು ತಿನ್ನೋಕೆ ಬಂದವರ ಹಲ್ಲು ಎಣಿಸ್ತೀಯಾ?"

ಎಲ್ಲರೂ ನಕ್ಕರು. ಸುಮಾ ಕೂಡ ನಕ್ಕರೆಂದು ನೆನಪು, ಆದರೆ ಈ ನೆನಪನ್ನು ನಾನು ನಂಬುವುದಿಲ್ಲ. ನನಗೆ ಅನುಕೂಲವಾದ ನೆನಪುಗಳೆಲ್ಲ ಹೀಗೇ ನಗುತ್ತಿರುತ್ತವೆ. ಸೆನೆಟರಿಗೆ ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೊ ತೆಗೆಸಿಕೊಂಡರು. ಬುಟ್ಟಿ ಕೊಟ್ಟವರು ಸುಮಾ. ಅವರು ಹೇಳಿದ್ದು "ಹ್ಯಾಪಿ ಯುಗಾದಿ" ಮಾತ್ರ.

ವಾಪಸು ಬರುವಾಗ ಕಾರಿನಲ್ಲಿ ಸೆನೆಟರ್, "ಒಳ್ಳೆಯ ಜನ. ಏನನ್ನೂ ಬೇಡಲಿಲ್ಲ," ಎಂದರು. ಬುಟ್ಟಿ ಕೊಟ್ಟಾಕೆ ದಂತವೈದ್ಯೆ, ಆ ಬಿಲ್‌ಗಾಗಿ ಕಾಯುತ್ತಿದ್ದಾಳೆ ಎಂದು ನಾನು ಹೇಳಿದೆ.

"ಅಷ್ಟು ಮುಖ್ಯವಾಗಿದ್ದರೆ ಆಕೆಯೇ ಕೇಳುತ್ತಿದ್ದಳು."

ನಮ್ಮಲ್ಲಿ ಕೇಳದಿರುವುದೇ ಮರ್ಯಾದೆ ಎಂದು ವಿವರಿಸಿದೆ. ಅವರು ಅದನ್ನು ಆಸಕ್ತಿಯಿಂದಲೇ ಕೇಳಿದರು, ಪರದೇಶದ ಹಬ್ಬದ ಕಥೆ ಕೇಳುವ ಹಾಗೆ.

ಬಿಲ್‌ಗೆ ಹಿಯರಿಂಗ್ ಸಿಗಲಿಲ್ಲ. ಸಮಿತಿಯಲ್ಲಿ ಯಾರೂ ವಿರೋಧವಾಗಿ ಮತ ಹಾಕಲಿಲ್ಲ, ಯಾರೂ ಬಾಯಿಬಿಟ್ಟು ಬೇಡವೆನ್ನಲಿಲ್ಲ. ಸೆಷನ್ ಮುಗಿಯಿತು, ಬಿಲ್ಲೂ ಮುಗಿಯಿತು. ಸುಮಾ ಫೋನ್ ಮಾಡಿದರು.

"ಮತ್ತೆ ಯಾವಾಗ ಸರ್?"

"ಎರಡು ವರ್ಷಕ್ಕೆ."

"ಅಷ್ಟೊತ್ತಿಗೆ ಇನ್ನೊಬ್ಬರ ಬಾಯಲ್ಲಿ ಡ್ರಿಲ್ ಇಡೋ ಧೈರ್ಯ ನನಗಿರಲ್ಲ."

ಮುಂದಿನ ಸೆಷನ್ ಹೊತ್ತಿಗೆ ಅವರು ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಷನಿಸ್ಟ್ ಆಗಿದ್ದರು. ಬಿಲ್ ಬಗ್ಗೆ ಮತ್ತೆ ವಿಚಾರಿಸಲಿಲ್ಲ.

ಶಾಸನಸಭೆ ಸೇರುವ ಕ್ಯಾಪಿಟಲ್ ಕಟ್ಟಡದಲ್ಲಿ ಮೌನವನ್ನು ಸೌಜನ್ಯವೆಂದು ಯಾರೂ ಓದುವುದಿಲ್ಲ, ತೃಪ್ತಿಯೆಂದು ಓದುತ್ತಾರೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ಸುಮಾ ಕೇಳಿದ್ದರೆ ಸೆನೆಟರ್ ಒಪ್ಪುತ್ತಿದ್ದರೇ? ಗೊತ್ತಿಲ್ಲ. ಆದರೆ ಆಕೆಯ ಮುಖ ನೋಡಿ "ಇಲ್ಲ" ಎನ್ನುವ ಕಷ್ಟವನ್ನಾದರೂ ಅವರಿಗೆ ಕೊಡಬೇಕಿತ್ತು.